ಮನಸ್ಸಿನ ತಪಾಸಣೆ ಮತ್ತು ಜನರ ಮಾತು: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪ್ರಸ್ತಾವನೆ

ಕಥೆ, ಗೀತೆ, ಗಾದೆ, ಒಗಟುಗಳ ಸಂಗ್ರಹದಿಂದ ಆರಂಭವಾದ ಕನ್ನಡ ಜಾನಪದ ಅಧ್ಯಯನವು ಇಂದು ಜನಜೀವನದ ಹಲವು ಮಗ್ಗುಲುಗಳನ್ನು ಒಳಗೊಳ್ಳುವಷ್ಟು ವಿಸ್ತಾರ ಪಡೆದಿದೆ. ನಾಟಿ ಔಷಧಿ, ಸೂಲಗಿತ್ತಿಯರ ಅರಿವು, ಮೂಳೆ ಕಟ್ಟುವವರ ಕೈಚಳಕ ಮುಂತಾದವು ಜನಪದ ವೈದ್ಯವೆಂಬ ಹೆಸರಿನಲ್ಲಿ ಅಧ್ಯಯನಕ್ಕೆ ಒಳಪಟ್ಟಿವೆ. ಇವೆಲ್ಲ ಬಹುಮಟ್ಟಿಗೆ ದೇಹಕ್ಕೆ ಸಂಬಂಧಿಸಿದವು. ಮನಸ್ಸಿನ ನೋವನ್ನು ಹಳ್ಳಿಯ ಜನ ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ಆ ಮಾತು ಪ್ರಾಥಮಿಕ ಆರೋಗ್ಯ ಕೇಂದ್ರದ ನಮೂನೆಯೊಳಗೆ ಹೇಗೆ ಸೇರುತ್ತದೆ ಅಥವಾ ಸೇರದೆ ಹೊರಗುಳಿಯುತ್ತದೆ ಎಂಬ ಪ್ರಶ್ನೆಯೂ ಜಾನಪದದ ವ್ಯಾಪ್ತಿಗೆ ಸೇರಿದ್ದೇ ಆಗಿದೆ.

ಮನಸ್ಸಿನ ಕಾಯಿಲೆಯನ್ನು ಆರಂಭದಲ್ಲಿಯೇ ಗುರುತಿಸಲು ಊರಿನ ಆರೋಗ್ಯ ಕೇಂದ್ರದಲ್ಲಿಯೇ ತಪಾಸಣೆ ನಡೆಯಬೇಕೆಂದು ವೈದ್ಯರ ಹಾಗೂ ಮನೋವೈದ್ಯರ ವೃತ್ತಿಸಂಘಗಳು ಹಲವು ದಶಕಗಳಿಂದ ಹೇಳುತ್ತ ಬಂದಿವೆ. ರಕ್ತದ ಒತ್ತಡವನ್ನು ಯಂತ್ರ ಅಳೆಯುತ್ತದೆ. ಸಕ್ಕರೆಯ ಪ್ರಮಾಣವನ್ನು ರಕ್ತದ ಹನಿ ತಿಳಿಸುತ್ತದೆ. ಮನಸ್ಸಿನ ತಪಾಸಣೆಗೆ ಇರುವ ಸಾಧನವೆಂದರೆ ಪ್ರಶ್ನೆ ಮತ್ತು ಉತ್ತರ ಮಾತ್ರ. ಆದ್ದರಿಂದ ಇಲ್ಲಿ ಭಾಷೆ ತಪ್ಪಿದರೆ ತಪಾಸಣೆಯೇ ತಪ್ಪುತ್ತದೆ. ನಾಲ್ಕು ಭಾಷೆಗಳು ಒಂದೇ ಸಂತೆಯಲ್ಲಿ ಬೆರೆಯುವ ಕೋಲಾರ ಸೀಮೆಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕರ್ನಾಟಕದಲ್ಲಿ ನಡೆದ ಪ್ರಯತ್ನಗಳು

ಭಾರತೀಯ ಮನೋವೈದ್ಯರ ಸಂಘವು 1947ರಲ್ಲಿಯೂ, ಚಿಕಿತ್ಸಾ ಮನೋವಿಜ್ಞಾನಿಗಳ ಅಖಿಲ ಭಾರತ ಸಂಘವು 1968ರಲ್ಲಿಯೂ ಸ್ಥಾಪನೆಯಾದವು. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಲಾಯಿತು. 1978ರ ಆಲ್ಮಾ ಆಟಾ ಘೋಷಣೆಯು ಪ್ರಾಥಮಿಕ ಆರೋಗ್ಯ ಸೇವೆಯನ್ನು ಜಗತ್ತಿನ ಗಮನಕ್ಕೆ ತರುವ ಮೊದಲೇ ಕನ್ನಡ ನಾಡಿನಲ್ಲಿ ಈ ಪ್ರಯೋಗ ನಡೆದಿತ್ತೆಂಬುದು ಗಮನಾರ್ಹ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನಸಂಖ್ಯೆಯ ನಡುವೆ, ಜಿಲ್ಲೆಯ ಸಾಮಾನ್ಯ ವೈದ್ಯರ ಮೂಲಕವೇ ಮಾನಸಿಕ ಚಿಕಿತ್ಸೆ ನೀಡಬಹುದೆಂಬುದನ್ನು ನಿಮ್ಹಾನ್ಸ್ ತೋರಿಸಿಕೊಟ್ಟಿತು. ಈ ಬಳ್ಳಾರಿ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ಬೇರೆ ಬೇರೆ ಕಡೆ ಆರಂಭವಾಯಿತು. 2014ರಲ್ಲಿ ಕರ್ನಾಟಕ ಸರ್ಕಾರವು ‘ಮನೋಚೈತನ್ಯ’ ಕಾರ್ಯಕ್ರಮದ ಮೂಲಕ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ವ್ಯವಸ್ಥೆಯನ್ನು ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರ್ಕಾರದ ವೆಚ್ಚದಲ್ಲಿ ನಡೆಯುವ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿದುದಲ್ಲದೆ, ಸರ್ಕಾರಿ ಆಸ್ಪತ್ರೆಗಳ ವೈದ್ಯಾಧಿಕಾರಿಗಳಿಗೆ ಮನೋವೈದ್ಯದ ಮೂಲ ತರಬೇತಿ ಕೊಡಿಸುವ ಹೊಣೆಯನ್ನೂ ಸರ್ಕಾರದ ಮೇಲೆ ಹೊರಿಸಿತು.

ಈ ಇತಿಹಾಸದಲ್ಲಿ ಕೋಲಾರ ಜಿಲ್ಲೆಗೆ ವಿಶೇಷವಾದ ಸ್ಥಾನವಿದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪೂರ್ವಭಾವಿ ಅಧ್ಯಯನವು ನಡೆದುದು ಕೋಲಾರ ಜಿಲ್ಲೆಯಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ದೀರ್ಘಕಾಲ ಅನುಸರಿಸುವ ಗುರಿಯೊಂದಿಗೆ ಅಧ್ಯಯನವನ್ನು ಆರಂಭಿಸಿತು. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ ಕೈಗೊಂಡ ಮೆದುಳು ಆರೋಗ್ಯ ಉಪಕ್ರಮವು ಮೊದಲು ಕಾರ್ಯರೂಪಕ್ಕೆ ಬಂದ ಜಿಲ್ಲೆಗಳಲ್ಲಿಯೂ ಕೋಲಾರ ಒಂದು. ನಗರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಸಂಶೋಧನೆಯ ದೃಷ್ಟಿಯಿಂದ ಇದು ಬಡ ಸೀಮೆಯೆಂದು ಹೇಳುವಂತಿಲ್ಲ.

ಆದರೂ ಅದೇ ರಾಷ್ಟ್ರೀಯ ಸಮೀಕ್ಷೆಯು ತಿಳಿಸುವ ಸಂಗತಿ ಕಳವಳಕಾರಿಯಾದುದು. ಸಮೀಕ್ಷೆ ನಡೆದ ಕಾಲಕ್ಕೆ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣವು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗೆ ಇತ್ತು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದಿರುವಾಗ ಈ ಅಂತರವನ್ನು ತುಂಬಬೇಕಾದವರು ಊರಿನ ವೈದ್ಯಾಧಿಕಾರಿ, ದಾದಿ ಮತ್ತು ಆಶಾ ಕಾರ್ಯಕರ್ತೆ. ವೃತ್ತಿಸಂಘಗಳು ಪ್ರಾಥಮಿಕ ತಪಾಸಣೆಯನ್ನು ಬೆಂಬಲಿಸುವುದಕ್ಕೆ ಇದೇ ಮುಖ್ಯ ಕಾರಣ.

3. ಎರಡು ಪ್ರಶ್ನೆಗಳು

2018ರಿಂದ ಆರೋಗ್ಯ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಪರಿವರ್ತನೆ ಹೊಂದಿ, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳೆಂಬ ಹೆಸರು ಪಡೆದವು. ಈ ವ್ಯವಸ್ಥೆಯಲ್ಲಿ 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬಬೇಕಾದ ಒಂದು ಪಟ್ಟಿಯಿದೆ. ಹೊಗೆಸೊಪ್ಪು, ಸೊಂಟದ ಸುತ್ತಳತೆ, ಕೆಮ್ಮು, ಗಂಟು ಮೊದಲಾದವುಗಳ ಜೊತೆಗೆ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳನ್ನು ಅದರಲ್ಲಿ ಸೇರಿಸಲಾಗಿದೆ. ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ಮನಸ್ಸು ಕುಗ್ಗಿದೆಯೇ, ಖಿನ್ನತೆ ಅಥವಾ ಹತಾಶೆ ಉಂಟಾಗಿದೆಯೇ ಎಂಬುದು ಎರಡನೆಯದು. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ ಎಂಬ ನಾಲ್ಕು ಉತ್ತರಗಳಿಗೆ 0ಯಿಂದ 3ರವರೆಗೆ ಅಂಕ ನಿಗದಿಯಾಗಿದೆ. ಒಟ್ಟು ಅಂಕ ಹೆಚ್ಚಾದವರನ್ನು ಸಮುದಾಯ ಆರೋಗ್ಯ ಅಧಿಕಾರಿಯ ಅಥವಾ ವೈದ್ಯರ ಬಳಿಗೆ ಕಳುಹಿಸಬೇಕು.

ಇದು ಅಮೆರಿಕದ ಪ್ರಾಥಮಿಕ ಚಿಕಿತ್ಸಾಲಯಗಳಿಗಾಗಿ ರೂಪುಗೊಂಡ ಒಂಬತ್ತು ಪ್ರಶ್ನೆಗಳ ಸಾಧನದಿಂದ ಆರಿಸಿಕೊಂಡ ಮೊದಲೆರಡು ಪ್ರಶ್ನೆಗಳ ರೂಪ. ಚಿಕ್ಕದು, ಕಲಿಯಲು ಸುಲಭ, ಜಗತ್ತಿನ ಹಲವೆಡೆ ಪರೀಕ್ಷೆಗೊಳಗಾದದ್ದು. ಇದರ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದು ರೋಗನಿರ್ಣಯವಲ್ಲ, ಮುಂದಿನ ವಿಚಾರಣೆಗೆ ತೆರೆಯುವ ಬಾಗಿಲು ಮಾತ್ರ ಎಂಬುದನ್ನು ಮರೆಯಬಾರದು. ಮೂವತ್ತು ದಾಟಿದವರಿಗೆಂದು ಮಾಡಿದ ಪಟ್ಟಿಯಾದುದರಿಂದ ಇಪ್ಪತ್ತೆರಡರ ಬಾಣಂತಿಯೂ ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತ ಹುಡುಗನೂ ಇದರ ಹೊರಗೆ ಉಳಿಯುತ್ತಾರೆ ಎಂಬುದನ್ನೂ ಗಮನಿಸಬೇಕು.

4. ನಾಲ್ಕು ತಾಲ್ಲೂಕುಗಳ ಮಾತು

ಈಗ ಈ ಪ್ರಶ್ನೆಗಳು ಊರಿನೊಳಗೆ ಪ್ರವೇಶಿಸುವ ಬಗೆಯನ್ನು ನೋಡೋಣ. ‘ಖಿನ್ನತೆ’ ಗ್ರಂಥಸ್ಥ ಪದ. ಪತ್ರಿಕೆ, ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸ್ಥಾನವಿದೆ. ಹೊಲದ ಬದುವಿನ ಮೇಲೆ ಅದು ಕೇಳಿಬರುವುದಿಲ್ಲ. ಆ ಸ್ಥಾನದಲ್ಲಿ ಜನರು ಬಳಸುವುದು ‘ಬೇಜಾರು’ ಎಂಬ ಮಾತನ್ನು. ಈ ಪದದ ಹರವು ತುಂಬ ದೊಡ್ಡದು. ಬಸ್ಸು ತಡವಾದರೂ ಬೇಜಾರು, ಮಗ ಮಾತು ಕೇಳದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಇವುಗಳ ನಡುವಣ ಅಂತರವು ಪದದಿಂದ ತಿಳಿಯದು. ಹೇಳುವವರ ಧ್ವನಿ, ನಿಟ್ಟುಸಿರು, ಮೌನಗಳಿಂದ ತಿಳಿಯಬೇಕು.

‘ಆಸಕ್ತಿ’ಯ ಸಮಸ್ಯೆ ಬೇರೆ ಬಗೆಯದು. ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ ಎಂದು ಕೇಳಿದರೆ, ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿ ಟೊಮೆಟೊ ಬಿಡಿಸಲು ಹೋಗುವ ಹೆಂಗಸಿಗೆ ಅದು ಸೋಮಾರಿತನದ ಆರೋಪದಂತೆ ಕೇಳಿಸೀತು. ಮನಸ್ಸಿದ್ದರೂ ಇಲ್ಲದಿದ್ದರೂ ಆಕೆ ದುಡಿಯಲೇಬೇಕು. ‘ಇಲ್ಲ’ ಎಂಬುದೇ ಆಕೆಯ ಸಹಜ ಉತ್ತರ. ಅದನ್ನೇ ‘ಯಾವುದರ ಮೇಲೂ ಮನಸ್ಸು ಹೋಗುತ್ತಿಲ್ಲವೇ’, ‘ಹಬ್ಬ ಬಂದರೂ ಏನೂ ಬೇಕೆನ್ನಿಸುತ್ತಿಲ್ಲವೇ’ ಎಂದು ಕೇಳಿದರೆ ಉತ್ತರ ಬೇರೆಯಾಗುವ ಸಾಧ್ಯತೆಯಿದೆ.

ಈ ಸೀಮೆಯ ಗಡಿಗುಣವು ಸಮಸ್ಯೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಶ್ರೀನಿವಾಸಪುರ ಮತ್ತು ಮುಳಬಾಗಿಲು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ, ಮಾಲೂರು ತಮಿಳುನಾಡಿಗೂ ತಾಗಿಕೊಂಡಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಇಲ್ಲಿನ ಸಾಮಾನ್ಯ ಸ್ಥಿತಿ. ಉರ್ದು ಮನೆಮಾತಿನವರೂ ತಮಿಳು ಮನೆಮಾತಿನವರೂ ಸಾಕಷ್ಟಿದ್ದಾರೆ. ಕನ್ನಡದ ‘ದಿಗಿಲು’ ಎಂದರೆ ಭಯ, ಗಾಬರಿ. ತೆಲುಗಿನ ‘ದಿಗುಲು’ ಎಂದರೆ ಕೊರಗು, ವ್ಯಥೆ. ಕೇಳಲು ಹೆಚ್ಚುಕಡಿಮೆ ಒಂದೇ ಆದ ಈ ಪದವನ್ನು ಕನ್ನಡದ ಕಿವಿ ಆತಂಕವೆಂದು ಬರೆದುಕೊಂಡರೆ, ತೆಲುಗು ಮನೆಮಾತಿನ ಹೆಂಗಸು ಹೇಳಿದ್ದು ದುಃಖವನ್ನಾಗಿರಬಹುದು. ಅಗಲಿಹೋದವರನ್ನೋ ದೂರವಾದವರನ್ನೋ ನೆನೆದು ಸೊರಗುವುದನ್ನು ತೆಲುಗಿನಲ್ಲಿ ‘ಬೆಂಗ’ ಎನ್ನುತ್ತಾರೆ. ಇದಕ್ಕೆ ನೇರವಾಗಿ ಹೊಂದುವ ಒಂದೇ ಪದ ಕನ್ನಡದ ಬಳಕೆಮಾತಿನಲ್ಲಿ ದೊರೆಯುವುದು ಕಷ್ಟ. ಉರ್ದುವಿನ ‘ಘಬ್ರಾಹಟ್’ ಎದೆಬಡಿತ, ಹೆದರಿಕೆ, ತಳಮಳ ಮೂರನ್ನೂ ಒಳಗೊಳ್ಳುತ್ತದೆ. ತಮಿಳಿನ ‘ಕವಲೈ’ ಚಿಂತೆಯೂ ಹೌದು, ದುಃಖವೂ ಹೌದು. ಒಂದೇ ನಮೂನೆಯ ಕನ್ನಡ ರೂಪವು ಈ ಎಲ್ಲ ಮನೆಗಳಲ್ಲಿ ಒಂದೇ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮನಸ್ಸಿನ ನೋವನ್ನು ದೇಹದ ಮೂಲಕ ಹೇಳುವುದು ಇನ್ನೊಂದು ಮುಖ್ಯ ಲಕ್ಷಣ. ತಲೆ ಭಾರ, ಎದೆ ಉರಿ, ಮೈಕೈ ಸೆಳೆತ, ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಇವು ಆರೋಗ್ಯ ಕೇಂದ್ರದಲ್ಲಿ ನಿತ್ಯ ಕೇಳಿಬರುವ ದೂರುಗಳು. ಇದು ಕೇವಲ ಅಜ್ಞಾನದ ಫಲವಲ್ಲ. ಬೆಂಗಳೂರಿನಲ್ಲಿ ಆರ್. ರಘುರಾಂ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವು ದೇಹದ ನೋವನ್ನು ಹೇಳಿಕೊಳ್ಳುವುದು ಮನಸ್ಸಿನ ನೋವನ್ನು ಹೇಳಿಕೊಳ್ಳುವುದಕ್ಕಿಂತ ಕಡಿಮೆ ಕಳಂಕದ್ದೆಂದು ರೋಗಿಗಳು ಭಾವಿಸುವುದನ್ನು ತೋರಿಸಿಕೊಟ್ಟಿದೆ. ಮೈನೋವು ಎಲ್ಲರಿಗೂ ಬರುವಂಥದ್ದು. ಮನಸ್ಸು ಕೆಟ್ಟಿದೆ ಎಂಬ ಸುದ್ದಿ ಹಬ್ಬಿದರೆ ಮಗಳ ಮದುವೆಗೆ ಅಡ್ಡಿಯಾದೀತು. ಹೀಗೆ ಲೆಕ್ಕ ಹಾಕಿಯೇ ಜನ ಮಾತನ್ನು ಆರಿಸಿಕೊಳ್ಳುತ್ತಾರೆ.

ಜನಪದರಿಗೆ ಈ ಸಂಬಂಧದ ಅರಿವಿಲ್ಲದೆ ಇಲ್ಲ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯು ಚಿಂತೆಗೂ ನಿದ್ದೆಗೂ ಇರುವ ನಂಟನ್ನು ಎಷ್ಟು ಸರಳವಾಗಿ ಹೇಳುತ್ತದೆ! ಹೆರಿಗೆಯ ನಂತರ ಕಾಣಿಸಿಕೊಳ್ಳುವ ತೀವ್ರ ಮಾನಸಿಕ ಅಸ್ವಸ್ಥತೆಗೆ ‘ಬಾಣಂತಿ ಸನ್ನಿ’ ಎಂಬ ಹೆಸರು ಮನೋವೈದ್ಯಶಾಸ್ತ್ರವು ನಮ್ಮ ಹಳ್ಳಿಗಳನ್ನು ತಲುಪುವ ಮೊದಲೇ ಬಳಕೆಯಲ್ಲಿತ್ತು. ಆದರೆ ‘ಮನೋವ್ಯಾಧಿಗೆ ಮದ್ದಿಲ್ಲ’ ಎಂಬ ಗಾದೆಯೂ ನಮ್ಮಲ್ಲಿಯೇ ಇದೆ. ಇದು ಇಂದು ನಿಜವಲ್ಲ. ಈ ನಂಬಿಕೆ ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿನಿಂದ ದೂರ ಇಟ್ಟಿದೆ. ಜನಪದವೆಂಬ ಕಾರಣಕ್ಕೆ ಎಲ್ಲವನ್ನೂ ಎತ್ತಿಹಿಡಿಯಬೇಕಾಗಿಲ್ಲ.

5. ಶಾಸ್ತ್ರ ಕೇಳುವ ಪದ್ಧತಿ

ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲವೆನಿಸಿದಾಗ ಶಾಸ್ತ್ರ ಕೇಳುವುದು, ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು, ಗುಡಿಗೋ ದರ್ಗಾಕ್ಕೋ ಹರಕೆ ಹೊರುವುದು ಇಂದಿಗೂ ಉಳಿದಿವೆ. ಕೋಲಾರಮ್ಮನ ಗುಡಿ, ಆವಣಿಯ ಬೆಟ್ಟ, ಮುಳಬಾಗಿಲಿನ ಹೈದರ್ ವಲಿ ದರ್ಗಾಗಳಿಗೆ ಜನರು ತಮ್ಮ ಕಷ್ಟಗಳನ್ನು ಹೊತ್ತು ಹೋಗುತ್ತಾರೆ. ಇದಕ್ಕಾಗಿ ಅವರು ಆಸ್ಪತ್ರೆಯನ್ನು ಬಿಟ್ಟಿರುತ್ತಾರೆಂದು ತಿಳಿಯಬೇಕಾಗಿಲ್ಲ. ಉಡುಪಿ ಜಿಲ್ಲೆಯ ಕೋಟದಲ್ಲಿ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ನಡೆಸಿ 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನವು ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಂಬ ಮೂರು ಬಗೆಯ ಚಿಕಿತ್ಸಕರನ್ನು ಗುರುತಿಸಿದೆ. ಜನರು ಇವರ ಬಳಿಗೂ ಆಧುನಿಕ ವೈದ್ಯರ ಬಳಿಗೂ ಹೋಗುತ್ತಿದ್ದುದನ್ನು ಅಲ್ಲಿ ಕಾಣಬಹುದು.

ತಮಿಳುನಾಡಿನ ಒಂದು ಗ್ರಾಮದ ಮುತ್ತುಸ್ವಾಮಿ ದೇಗುಲದಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳ ಕುರಿತು ರಘುರಾಂ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಔಷಧಿಯಿಲ್ಲದೆಯೇ ಅವರ ರೋಗಲಕ್ಷಣಗಳ ಅಂಕವು ಸುಮಾರು ಐದನೆಯ ಒಂದು ಭಾಗದಷ್ಟು ಇಳಿದುದನ್ನು ದಾಖಲಿಸಿತು. ಆತಂಕವಿಲ್ಲದ, ಆದರಿಸುವ ಪರಿಸರವೇ ಇದಕ್ಕೆ ಕಾರಣವಿರಬಹುದೆಂದು ಅವರು ಅಭಿಪ್ರಾಯಪಟ್ಟರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಬೆಂಕಿಗೆ ಸಿಕ್ಕಿ 28 ಜನ ಸತ್ತರು. ಆದರವೂ ಕ್ರೌರ್ಯವೂ ಒಂದೇ ಸಂಪ್ರದಾಯದ ಹೆಸರಿನಲ್ಲಿ ಇರಬಲ್ಲವು ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕ್ಷಿ.

ಇಲ್ಲಿ ನಾವು ಕಲಿಯಬೇಕಾದುದು ಶಾಸ್ತ್ರದ ಫಲವನ್ನಲ್ಲ, ಅದರ ಕೇಳುವ ಕ್ರಮವನ್ನು. ಶಾಸ್ತ್ರ ಹೇಳುವವರು ಕಾಯಿಲೆಯಿಂದ ಆರಂಭಿಸುವುದಿಲ್ಲ. ಮನೆಯವರು, ಮಕ್ಕಳು, ದನಕರು, ಬೆಳೆ, ಸಾಲ, ದಾಯಾದಿಗಳ ವಿಚಾರ ಮೊದಲು ಬರುತ್ತದೆ; ನಿದ್ದೆ, ಊಟ, ಕನಸುಗಳ ವಿಚಾರ ಆಮೇಲೆ. ಆಶಾ ಕಾರ್ಯಕರ್ತೆ ಅದೇ ಊರಿನವಳು. ‘ಯಾಕಮ್ಮ, ಹಿಂಗೆ ಸೊರಗೋಗಿದ್ದೀಯ?’ ಎಂದು ಕೇಳುವ ಸಲುಗೆ ಆಕೆಗೆ ಇದೆ. ನಮೂನೆಯ ಎರಡು ಪ್ರಶ್ನೆಗಳು ಈ ಸಲುಗೆಯ ಮಾತಿನ ನಂತರ ಬಂದರೆ ಅವುಗಳಿಗೆ ಜೀವ ಬರುತ್ತದೆ. ಅದೇ ಸಲುಗೆ ತೊಡಕೂ ಆಗಬಹುದು: ಊರಿನವಳೇ ಕೇಳುವುದರಿಂದ ಸುದ್ದಿ ಹರಡೀತೆಂಬ ಅಂಜಿಕೆ ಇರುತ್ತದೆ. ಅತ್ತೆಯ ಎದುರಿಗೆ ಸೊಸೆಯನ್ನು ಕೇಳಿದರೆ ದೊರೆಯುವ ಉತ್ತರಕ್ಕೆ ಬೆಲೆಯಿಲ್ಲ. ಗುಟ್ಟು ಕಾಯುವ ಭರವಸೆ ತಪಾಸಣೆಯ ಮೊದಲ ಷರತ್ತಾಗಬೇಕು.

6. ಕೇಳಿದ ಮೇಲೆ ಏನು?

ತಪಾಸಣೆಯನ್ನು ಕುರಿತು ಜಗತ್ತಿನಲ್ಲಿ ಒಮ್ಮತವಿಲ್ಲ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯು 2002ರಲ್ಲಿ ವಯಸ್ಕರ ಖಿನ್ನತೆಯ ತಪಾಸಣೆಯನ್ನು ಶಿಫಾರಸು ಮಾಡಿದಾಗ, ನಿಖರವಾದ ರೋಗನಿರ್ಣಯ, ಚಿಕಿತ್ಸೆ ಮತ್ತು ಅನುಸರಣೆಯ ವ್ಯವಸ್ಥೆ ಇರುವ ಕಡೆ ಎಂಬ ಷರತ್ತನ್ನು ವಿಧಿಸಿತು. ಅಲ್ಲಿನ ಮಕ್ಕಳ ತಜ್ಞರ ಸಂಘವು ಹನ್ನೆರಡು ವರ್ಷ ದಾಟಿದವರಿಗೂ, ಪ್ರಸೂತಿ ತಜ್ಞರ ಸಂಘವು ಗರ್ಭಿಣಿ ಬಾಣಂತಿಯರಿಗೂ ತಪಾಸಣೆ ಬೇಕೆಂದು ಹೇಳುತ್ತವೆ. ಕೆನಡಾದ ಕಾರ್ಯಪಡೆಯಾದರೋ 2013ರಲ್ಲಿ, ಲಕ್ಷಣಗಳಿಲ್ಲದ ಎಲ್ಲ ವಯಸ್ಕರನ್ನೂ ಸಾಮೂಹಿಕವಾಗಿ ಹೀಗೆ ಪರೀಕ್ಷಿಸುವುದು ಬೇಡವೆಂದಿತು. ಅದರಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂಬುದು ಅದರ ನಿಲುವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕುಟುಂಬ ವೈದ್ಯರ ಜಾಗತಿಕ ಒಕ್ಕೂಟಗಳು 2008ರಲ್ಲಿ ಜಂಟಿಯಾಗಿ ಹೊರತಂದ ವರದಿಯು ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಸೇವೆಯೊಳಗೆ ಬೆಸೆಯಬೇಕೆಂದು ಪ್ರತಿಪಾದಿಸಿತು.

ಭಿನ್ನವೆಂದು ತೋರುವ ಈ ನಿಲುವುಗಳ ಹಿಂದೆ ಸಮಾನವಾದ ಒಂದು ವಿವೇಕವಿದೆ. ಚಿಕಿತ್ಸೆಯ ದಾರಿಯಿಲ್ಲದೆ ಪ್ರಶ್ನೆ ಕೇಳುವುದರಿಂದ ಒಳಿತಾಗದು. ಮುಳಬಾಗಿಲಿನ ಗಡಿಹಳ್ಳಿಯ ಹೆಂಗಸೊಬ್ಬಳು ಬಚ್ಚಿಟ್ಟುಕೊಂಡಿದ್ದನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳೆಂದು ಭಾವಿಸೋಣ. ಆಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದರೆ ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲಿ ವೈದ್ಯರು ಅಥವಾ ಮಾತ್ರೆ ಇಲ್ಲದಿದ್ದರೆ ಆಕೆ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಆಕೆಯನ್ನು ನೋಡಿದ ನೆರೆಮನೆಯವರೂ ಬಿಡುವುದಿಲ್ಲ. ಜೀವ ಕಳೆದುಕೊಳ್ಳುವ ಆಲೋಚನೆಯನ್ನು ಯಾರಾದರೂ ಹೇಳಿಕೊಂಡರಂತೂ ಅದನ್ನು ಪಟ್ಟಿಯಲ್ಲಿ ಬರೆದು ಮುಂದಿನ ಮನೆಗೆ ಹೋಗುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತಲುಪಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದೆಂಬುದು ಪ್ರತಿ ಮನೆಗೂ ತಿಳಿದಿರಬೇಕು.

7. ವೃತ್ತಿಸಂಘಗಳಿಂದ ಆಗಬೇಕಾದುದು

ಈ ಹಿನ್ನೆಲೆಯಲ್ಲಿ ವೃತ್ತಿಸಂಘಗಳ ಬೆಂಬಲವು ಘೋಷಣೆ, ಕಾರ್ಯಾಗಾರಗಳನ್ನು ದಾಟಿ ಮುಂದುವರಿಯಬೇಕಾಗಿದೆ. ಮೊದಲನೆಯದಾಗಿ, ಪ್ರತಿ ತಾಲ್ಲೂಕಿಗೂ ಒಂದು ಚಿಕ್ಕ ಪದಕೋಶ ಬೇಕು. ಮನಸ್ಸಿನ ನೋವಿಗೆ ಕನ್ನಡ, ತೆಲುಗು, ಉರ್ದು, ತಮಿಳುಗಳಲ್ಲಿ ಜನರು ಬಳಸುವ ಮಾತುಗಳು, ಅವುಗಳ ಅರ್ಥಛಾಯೆ, ಅವುಗಳಿಗೆ ಹತ್ತಿರವಾದ ರೋಗಲಕ್ಷಣಗಳು ಅದರಲ್ಲಿರಬೇಕು. ಮನೋವೈದ್ಯರು ಮತ್ತು ಜಾನಪದ ವಿದ್ವಾಂಸರು ಆಶಾ ಕಾರ್ಯಕರ್ತೆಯರೊಡನೆ ಕುಳಿತು ಮಾಡಬೇಕಾದ ಕೆಲಸವಿದು. ಬದಲಿಸಿದ ಪದಗಳಿಂದ ಅಂಕಗಳ ಅರ್ಥವೂ ಬದಲಾಗಬಹುದಾದುದರಿಂದ ಹೊಸ ರೂಪವನ್ನು ವೈದ್ಯರ ನೇರ ಪರೀಕ್ಷೆಯೊಡನೆ ಹೋಲಿಸಿ ನೋಡಬೇಕು.

ಎರಡನೆಯದಾಗಿ, ಕಾಲಗಣನೆ. ‘ಕಳೆದ ಎರಡು ವಾರ’ ಎಂಬುದಕ್ಕೆ ನಮ್ಮ ಪಂಚಾಂಗದಲ್ಲಿ ಸಿದ್ಧವಾದ ಅಳತೆಯಿದೆ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಸುಮಾರು ಹದಿನೈದು ದಿನ. ಎರಡು ಸಂತೆಗಳ ಅವಧಿಯೂ ಅಷ್ಟೇ. ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬ ಲೆಕ್ಕವನ್ನು ‘ಒಂದು ಸಂತೆಯಿಂದ ಇನ್ನೊಂದು ಸಂತೆಯೊಳಗೆ ಎಷ್ಟು ದಿನ ಹೀಗಿತ್ತು’ ಎಂದು ಕೇಳಿ ತಿಳಿಯಬಹುದು. ಮೂರನೆಯದಾಗಿ, ಬಳ್ಳಾರಿಯ ಅನುಭವ ತಿಳಿಸುವಂತೆ ತರಬೇತಿಯು ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ. ಮಾತ್ರೆಗಳ ಪೂರೈಕೆ ಮತ್ತು ತಜ್ಞರ ಮೇಲ್ವಿಚಾರಣೆ ಅದರ ಜೊತೆಗೇ ನಡೆಯಬೇಕು. ನಾಲ್ಕನೆಯದಾಗಿ, ಗುಡಿ, ದರ್ಗಾಗಳ ಹಿರಿಯರೊಡನೆ ಸಂವಾದ ಬೇಕು. ಹರಕೆಯನ್ನು ನಿಲ್ಲಿಸಬೇಕೆಂದು ಹೇಳಬೇಕಾಗಿಲ್ಲ. ಮಾತ್ರೆಯನ್ನು ನಿಲ್ಲಿಸಬಾರದು, ಯಾರನ್ನೂ ಕಟ್ಟಿಹಾಕಬಾರದು ಎಂಬೆರಡು ಮಾತುಗಳಿಗೆ ಅವರನ್ನು ಒಪ್ಪಿಸಿದರೆ ಸಾಕು.

ಕನ್ನಡಕ್ಕೆ ಇದೆಲ್ಲ ಹೊಸದಲ್ಲ. ‘ರಾಶಿ’ ಎಂದು ಹೆಸರಾದ ವೈದ್ಯ ಎಂ. ಶಿವರಾಂ ಅವರು ನಗೆಯ ಪತ್ರಿಕೆಯೊಂದನ್ನು ನಡೆಸಿ ಅದಕ್ಕೆ ಇಟ್ಟ ಹೆಸರು ‘ಕೊರವಂಜಿ’. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅವರ ನಂತರವೂ ಸಿ. ಆರ್. ಚಂದ್ರಶೇಖರ್ ಅವರಂತಹ ಮನೋವೈದ್ಯರು ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಹೇರಳವಾಗಿ ಬರೆದಿದ್ದಾರೆ. ಬರಹದಲ್ಲಿ ಸಾಧ್ಯವಾದುದು ಮನೆಯ ಜಗಲಿಯ ಮೇಲೆ ನಡೆಯುವ ಮಾತುಕತೆಯಲ್ಲಿಯೂ ಸಾಧ್ಯವಾಗಬೇಕು.

ಒಟ್ಟಿನಲ್ಲಿ, ಕೋಲಾರ ಸೀಮೆಯಲ್ಲಿ ಮನಸ್ಸಿನ ತಪಾಸಣೆಗೆ ಬೇಕಾದ ಸಂಸ್ಥೆಗಳಿವೆ, ಕಾಯಿದೆಯಿದೆ, ನಮೂನೆಯೂ ಇದೆ. ಆ ನಮೂನೆಯು ರಾಯಲ್ಪಾಡಿನ ತೆಲುಗು ಮನೆಯಲ್ಲಿಯೂ ಮಾಲೂರಿನ ಇಟ್ಟಿಗೆ ಗೂಡಿನ ಬಳಿಯಲ್ಲಿಯೂ ಅರ್ಥವಾಗುವ ಪ್ರಶ್ನೆಯಾಗಬೇಕು, ಉತ್ತರ ಕೊಟ್ಟವರಿಗೆ ಮರುದಿನವೇ ಆಸರೆ ದೊರೆಯಬೇಕು. ಈ ಎರಡೂ ಕೂಡಿದಾಗ ಮಾತ್ರ ವೃತ್ತಿಸಂಘಗಳ ಬೆಂಬಲ ಸಾರ್ಥಕವಾಗುತ್ತದೆ.